ಸಕಲೇಶಪುರದ ‘ಪಾಳು ಹಳಿ’ ಟ್ರೆಕ್ಕಿಂಗ್: ಆ ಹಳಿ ಈಗ ಪಾಳು ಬಿದ್ದಿಲ್ಲ, ಹೊರಡೋ ಮುಂಚೆ ಇದನ್ನ ಓದಿ

ಹುಣಸೂರು: ಮಳೆ ಕಡಿಮೆಯಾಗಿ ಕಾಡು ಹಸಿರಾದ ತಕ್ಷಣ ಮೊಬೈಲ್‌ನಲ್ಲಿ ಹಳೇ ವಿಡಿಯೊಗಳು ಮತ್ತೆ ಓಡಾಡೋಕೆ ಶುರುವಾಗುತ್ತವೆ. ಸುರಂಗದ ಬಾಯಲ್ಲಿ ನಿಂತ ಹುಡುಗರು, ಪ್ರಪಾತದ ಮೇಲಿನ ಸೇತುವೆ, ಕೆಳಗೆ ಮಂಜು. ಜೊತೆಗೆ ಒಂದು ಸಾಲು: ‘ರೈಲು ಓಡದ ಹಳಿ, ಟಿಕೆಟ್ ಬೇಡ, ಪರ್ಮಿಷನ್ ಬೇಡ.’ ಇದನ್ನ ನಂಬಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯಿಂದ ಶನಿವಾರ ರಾತ್ರಿ ಬೈಕ್ ಹತ್ತೋ ಪ್ಲ್ಯಾನ್ ಹಾಕುವವರು ಮೊದಲು ಒಂದು ವಿಷಯ ತಿಳ್ಕೋಬೇಕು. ಆ ಸಾಲು ನಿಜವಾಗಿದ್ದ ಕಾಲ ಒಂದಿತ್ತು, ಆದ್ರೆ ಅದು ಮುಗಿದು ಸುಮಾರು 20 ವರ್ಷ ಆಯ್ತು. ಆ ಹಳಿ ಮೇಲೆ ಈಗ ಹಗಲು ರಾತ್ರಿ ರೈಲು ಓಡುತ್ತೆ.

ಮಾತು ಹಾಸನ–ಮಂಗಳೂರು ಮಾರ್ಗದ ಘಾಟಿ ಭಾಗದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ವರೆಗೆ, ಅಂದ್ರೆ ನೆಟ್ಟಣದವರೆಗೆ, ಸುಮಾರು 55 ಕಿಲೋಮೀಟರ್. ನಡುವೆ ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಅಂತ ಪುಟ್ಟ ಸ್ಟೇಷನ್‌ಗಳು. ಟ್ರೆಕ್ಕಿಂಗ್ ಮಾಡುವವರ ಬಾಯಲ್ಲಿ ಇದಕ್ಕೆ ‘ಗ್ರೀನ್ ರೂಟ್’ ಅನ್ನೋ ಹೆಸರು.

ಹಳಿ ಬಂದಿದ್ದು ಯಾಕೆ

ಮಲೆನಾಡು ತೋರಿಸೋಕೆ ಅಂತ ಯಾರೂ ಆ ಕಾಡಲ್ಲಿ ರೈಲು ಹಾಕಲಿಲ್ಲ. ಹಾಕಿದ್ದು ಮಂಗಳೂರಿನ ಬಂದರಿಗಾಗಿ. ಘಟ್ಟದ ಮೇಲಿನ ಅದಿರು, ಸರಕು ಸಮುದ್ರಕ್ಕೆ ಇಳಿಯಬೇಕು, ಬಂದರಿಗೆ ಬಂದದ್ದು ಮೇಲೆ ಹತ್ತಬೇಕು. ಘಟ್ಟ ಕೊರೆದು ಮುಗಿಸೋಕೆ ವರ್ಷಗಟ್ಟಲೆ ಹಿಡಿದು, ಹಾಸನ–ಮಂಗಳೂರು ನಡುವಿನ 189 ಕಿ.ಮೀ. ಮೀಟರ್ ಗೇಜ್ ಹಳಿ 1979ರಲ್ಲಿ ಓಡಾಟಕ್ಕೆ ತೆರೆಯಿತು. ಕೆ.ಆರ್.ನಗರದವರಿಗೆ ಇದು ದೂರದ ಸಂಗತಿ ಏನಲ್ಲ. 1918ರ ಮೈಸೂರು–ಅರಸೀಕೆರೆ ಹಳಿ ಊರ ಪಕ್ಕದಲ್ಲೇ ಇತ್ತು, ಹಾಸನ ದಾಟಿದರೆ ಮುಂದೆ ಮಂಗಳೂರಿನ ದಾರಿ.

ಘಾಟಿಯ ಲೆಕ್ಕ ಕೇಳಿದ್ರೆ ಯಾಕೆ ಅಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ನೆಟ್ಟಣ ನೂರು ಚಿಲ್ಲರೆ ಮೀಟರ್‌ನಲ್ಲಿ. ಆ 800 ಮೀಟರ್ ಇಳಿಯೋಕೆ ಹಳಿ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ ಅನ್ನೋ ಇಳಿಜಾರಿನಲ್ಲಿ ಸುತ್ತಿ ಬಳಸಿ ಸಾಗುತ್ತೆ. ರಸ್ತೆಯಲ್ಲಿ ಇದು ಏನೂ ಅನ್ನಿಸಲ್ಲ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿಗೆ ಇದು ಭಾರಿ ಇಳಿಜಾರು. ಅದಕ್ಕೇ ಇಲ್ಲಿ ಗಾಡಿಗಳು ನಿಧಾನ, ಗೂಡ್ಸ್ ಹತ್ತಬೇಕಾದ್ರೆ ಹಿಂದಿನಿಂದ ತಳ್ಳೋಕೂ ಎಂಜಿನ್ ಬೇಕು. ಈ ಉದ್ದಕ್ಕೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ.

ರೈಲು ಇಲ್ಲದ ವರ್ಷಗಳು

1996ರಲ್ಲಿ ಬ್ರಾಡ್ ಗೇಜ್ ಮಾಡಬೇಕು ಅಂತ ಈ ಮಾರ್ಗದಲ್ಲಿ ಪ್ರಯಾಣಿಕರ ಗಾಡಿ ನಿಲ್ಲಿಸಿದರು. ಒಂದು ಮೀಟರ್ ಅಗಲದ ಹಳಿ ಹೋಗಿ 1.676 ಮೀಟರ್ ಅಗಲದ್ದು ಬರಬೇಕಿತ್ತು. ಎರಡು ಮೂರು ವರ್ಷದ ಕೆಲಸ ಅಂದುಕೊಂಡಿದ್ದು ದುಡ್ಡಿಲ್ಲದೆ ಎಳೆದಾಡಿತು. ಕೊನೆಗೆ 2003ರಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಅಂತ ಬೇರೆಯೇ ಒಂದು ಕಂಪನಿ ಮಾಡಬೇಕಾಯಿತು. 2006ರಲ್ಲಿ ಗೂಡ್ಸ್ ಓಡಿತು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು.

ಈ ನಡುವಿನ ಹತ್ತು ವರ್ಷವೇ ಟ್ರೆಕ್ಕಿಂಗ್ ಹುಟ್ಟಿದ ಕಾಲ. ಗಾಡಿಯಿಲ್ಲ, ಸದ್ದಿಲ್ಲ, ಹಳಿ ಮೇಲೆ ಹುಲ್ಲು. ಬೆಂಗಳೂರು, ಮೈಸೂರಿನ ಕಾಲೇಜು ಹುಡುಗರು ದೋಣಿಗಾಲ್‌ನಲ್ಲಿ ಇಳಿದು ನಡೆಯೋಕೆ ಶುರು ಮಾಡಿದರು. ಮೊದಲ ದಿನ ಎಡಕುಮೇರಿವರೆಗೆ ಸುಮಾರು 18 ಕಿ.ಮೀ., ರಾತ್ರಿ ಸ್ಟೇಷನ್ ಜಗಲಿ ಮೇಲೆ ನಿದ್ದೆ, ಮಾರನೇ ದಿನ ಕಾಡಿನೊಳಗೆ ಇಳಿದು ಗುಂಡ್ಯದ ಹೆದ್ದಾರಿಗೆ, ಇಲ್ಲಾಂದ್ರೆ ಹಳಿ ಹಿಡಿದೇ ನೆಟ್ಟಣಕ್ಕೆ. ಎಡಕುಮೇರಿಗೆ ಹೇಳಿಕೊಳ್ಳುವಂಥ ರಸ್ತೆಯೇ ಇಲ್ಲ. ಸುತ್ತ ಕೆಂಪುಹೊಳೆ, ಕಬ್ಬಿನಾಲೆ ಕಾಡು.

ನಡೆದವರ ಅನುಭವ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಸ್ಲೀಪರ್‌ಗಳ ನಡುವಿನ ಅಂತರ ಮನುಷ್ಯನ ಹೆಜ್ಜೆಗೆ ಹೊಂದಲ್ಲ. ಒಂದೊಂದಕ್ಕೇ ಕಾಲಿಟ್ಟರೆ ಗಿಡ್ಡ, ಒಂದು ಬಿಟ್ಟು ಇಟ್ಟರೆ ಉದ್ದ. ಜಲ್ಲಿ ಮೇಲೆ ಕಾಲು ತಿರುಚುತ್ತೆ. ಸುರಂಗದೊಳಗೆ ಬಾವಲಿ ವಾಸನೆ, ತಿರುವಿದ್ದರೆ ಆ ತುದಿಯ ಬೆಳಕೂ ಕಾಣಲ್ಲ. ಸೇತುವೆ ಮೇಲೆ ಸ್ಲೀಪರ್ ಸಂದಿಯಿಂದ ಕೆಳಗಿನ ಹಳ್ಳ ನೇರ ಕಾಣುತ್ತೆ, ಅಲ್ಲಿ ಧೈರ್ಯ ಇದ್ದವರ ಮೊಣಕಾಲೂ ನಡುಗುತ್ತೆ. ಮಳೆಗಾಲ ಆದ್ರೆ ಶೂ ಬಿಚ್ಚಿದಾಗ ಉಂಬಳ. ಇಷ್ಟಾದರೂ ಹೋಗಿಬಂದವರು ಮರೆಯದ ದಾರಿ ಅದು, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಅವರು ಬರೆದದ್ದು, ತೆಗೆದ ಫೋಟೊ ಇಂಟರ್ನೆಟ್‌ನಲ್ಲಿ ಹಾಗೇ ಉಳೀತು. ತಾರೀಖು ನೋಡದೆ ಈಗಲೂ ಜನ ಅದನ್ನೇ ಫಾರ್ವರ್ಡ್ ಮಾಡ್ತಿದ್ದಾರೆ.

ಈಗ ನಡೆದರೆ ಏನಾಗುತ್ತೆ

ಸುರಂಗ ಸೇತುವೆ ಎಲ್ಲ ಅವೇ ಇವೆ. ಬದಲಾಗಿದ್ದು ಅದರೊಳಗೆ ಗಾಡಿ ಬರುತ್ತೆ ಅನ್ನೋದು. ಘಾಟಿಯಲ್ಲಿ ಒಂದೇ ಹಳಿ, ಬೆಂಗಳೂರು–ಮಂಗಳೂರು, ಕಾರವಾರ, ಮುರ್ಡೇಶ್ವರ ಕಡೆಯ ಗಾಡಿಗಳು, ಬಂದರಿನ ಗೂಡ್ಸ್ ಎಲ್ಲ ಅದರ ಮೇಲೇ. ಪ್ಯಾಸೆಂಜರ್ ಗಾಡಿಗಾದ್ರೆ ಟೈಮ್ ಟೇಬಲ್ ಇರುತ್ತೆ, ಗೂಡ್ಸ್‌ಗೆ ಹೊರಗಿನವರಿಗೆ ಗೊತ್ತಾಗೋ ಟೈಮ್ ಇರಲ್ಲ. ‘ಆ್ಯಪ್‌ನಲ್ಲಿ ನೋಡಿದ್ವಿ, ಮುಂದಿನ ಗಾಡಿ ಮೂರು ಗಂಟೆಗೆ’ ಅಂತ ಸುರಂಗಕ್ಕೆ ಕಾಲಿಡುವವರು ಮರೆಯೋದು ಇದನ್ನೇ. ಕಾಡಿನ ಒಳಗೆ ಮೊಬೈಲ್ ಸಿಗ್ನಲ್ ಸಿಗೋದೂ ಅಪರೂಪ.

ನಿಧಾನವಾಗಿ ಬರೋ ಗಾಡಿ ತಾನೇ, ಪಕ್ಕಕ್ಕೆ ಸರಿದರಾಯ್ತು ಅನ್ನೋ ವಾದ ಇದೆ. ಎಲ್ಲಿಗೆ ಸರಿಯೋದು? ಒಂದು ಕಡೆ ಕಡಿದ ಬಂಡೆ, ಇನ್ನೊಂದು ಕಡೆ ಪ್ರಪಾತ. ಸುರಂಗದಲ್ಲಿ ಗೋಡೆಗೂ ಬೋಗಿಗೂ ನಡುವೆ ಉಳಿಯೋ ಜಾಗ ಬ್ಯಾಗ್ ಹಾಕಿದ ಮನುಷ್ಯನಿಗೆ ಸಾಲಲ್ಲ. ಅಲ್ಲಲ್ಲಿ ಗೋಡೆಯಲ್ಲಿ ಗೂಡು, ಸೇತುವೆ ಪಕ್ಕ ಸಣ್ಣ ಕಟ್ಟೆ ಇರೋದು ಹಳಿ ಕೆಲಸದವರಿಗೆ. ಯಾವ ಗೂಡು ಎಷ್ಟು ದೂರ ಅಂತ ಅವರಿಗೆ ಗೊತ್ತು, ಮೊದಲ ಸಲ ಹೋದವರಿಗೆ ಕತ್ತಲಲ್ಲಿ ಹುಡುಕೋಕೆ ಆಗಲ್ಲ. ಎಂಟು ಹತ್ತು ಜನರ ಗುಂಪಿಗಂತೂ ಅದು ಸಾಲೋದೂ ಇಲ್ಲ. ಮಳೆ, ಜಲಪಾತದ ಸದ್ದಿನ ನಡುವೆ ಗಾಡಿ ಯಾವ ಕಡೆಯಿಂದ ಬರ್ತಿದೆ ಅಂತ ಕಿವಿ ಹೇಳಲ್ಲ. ಇಳಿಜಾರಿನಲ್ಲಿ ಸಾವಿರಾರು ಟನ್ ಭಾರ ಹೊತ್ತ ಗೂಡ್ಸ್ ಬ್ರೇಕ್ ಹಾಕಿದ ಜಾಗದಲ್ಲಿ ನಿಲ್ಲೋದೂ ಇಲ್ಲ.

ಇದರ ಜೊತೆಗೆ ಹೊಸದು ವಿದ್ಯುತ್ ತಂತಿ. ಘಾಟಿಯ ವಿದ್ಯುದೀಕರಣದ ಕೆಲಸಕ್ಕೆ 2025ರಲ್ಲಿ ಹಗಲಿನ ರೈಲುಗಳನ್ನ ತಿಂಗಳುಗಟ್ಟಲೆ ರದ್ದು ಮಾಡಿದ್ದರು. ರೈಲಿನ ಮೇಲಿನ ತಂತಿಯಲ್ಲಿ ಇರೋದು 25,000 ವೋಲ್ಟ್. ಮುಟ್ಟಬೇಕಾಗಿಲ್ಲ, ಹತ್ತಿರ ಹೋದರೂ ಎಳೆಯುತ್ತೆ. ನಿಂತ ಗೂಡ್ಸ್ ಮೇಲೆ ಹತ್ತಿ ಸೆಲ್ಫಿ ತೆಗೆಯೋ ಚಟ ಇದ್ದವರು ಇದನ್ನ ತಲೆಯಲ್ಲಿಟ್ಟುಕೊಳ್ಳಬೇಕು.

ಮಣ್ಣು ಕುಸಿತ ಬೇರೆ. 2018ರ ಆಗಸ್ಟ್ ಮಳೆಗೆ ಘಾಟಿಯಲ್ಲಿ ಹತ್ತಾರು ಕಡೆ ಗುಡ್ಡ ಜಾರಿ ವಾರಗಟ್ಟಲೆ ರೈಲು ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ, ನೂರಾರು ಕಾರ್ಮಿಕರು ಮಳೆಯಲ್ಲೇ ಮರಳಿನ ಮೂಟೆ, ಕಲ್ಲು ಪೇರಿಸಿ ದಾರಿ ಸರಿಮಾಡಬೇಕಾಯಿತು. ಹಳೇ ಟ್ರೆಕ್ಕಿಂಗ್ ದಾರಿ ಅಂದ್ರೆ ಅದೇ ಜಾಗ. ಇನ್ನು ಆನೆ ವಿಷಯ ಎಚ್.ಡಿ.ಕೋಟೆ, ಹುಣಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಆನೆ ಕಾಟ ನಾಗರಹೊಳೆ ಅಂಚಿನ ಊರುಗಳಿಗಿಂತ ಕಡಿಮೆ ಏನಿಲ್ಲ.

ಕೇಸು, ದಂಡ, ಪರಿಹಾರ

1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಹಳಿ, ಸುರಂಗ, ಸೇತುವೆ ಮೇಲೆ ಹೋಗೋದೇ ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲ 1,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಸಾವಿರ ರೂಪಾಯಿ ತಾನೇ ಅಂತ ಅಂಗಡಿ ಮುಂದೆ ನಗೋರಿದ್ದಾರೆ. ದಂಡ ಕಟ್ಟಿದರೂ ಅದು ಕೋರ್ಟ್ ಕೇಸು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ‘ನಿಮ್ಮ ಮೇಲೆ ಕೇಸು ಇದೆಯಾ’ ಅಂತ ಕೇಳ್ತಾರೆ ಅನ್ನೋದು ನೆನಪಿರಲಿ. ಸುತ್ತಲಿನದು ಮೀಸಲು ಅರಣ್ಯ ಆಗಿರೋದರಿಂದ ಅರಣ್ಯ ಇಲಾಖೆ ಹಿಡಿದರೆ ಅದು ಬೇರೆ ಕೇಸು.

ಇದಕ್ಕಿಂತ ಮುಖ್ಯವಾದದ್ದು ಮನೆಯವರಿಗೆ ಸಂಬಂಧಿಸಿದ್ದು. ಟಿಕೆಟ್ ತಗೊಂಡ ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬಿದ್ದು ಸತ್ತರೆ ಅದೇ ಕಾಯ್ದೆಯ 124ಎ ಕಲಂ ಅಡಿ 8 ಲಕ್ಷ ರೂಪಾಯಿ ಪರಿಹಾರ ಇದೆ. ಹಳಿ ಮೇಲೆ ನಡೆದು ಹೋಗ್ತಿದ್ದವನು ಪ್ರಯಾಣಿಕ ಅಲ್ಲ, ಹಾಗಾಗಿ ಈ ಕಲಂ ಅವನಿಗೆ ಅನ್ವಯಿಸಲ್ಲ.

ಇದು ಬರೀ ಕಾಗದದ ಮೇಲಿನ ಕಾನೂನು ಅಂದುಕೊಳ್ಳೋದೂ ಬೇಡ. ಗೋವಾ ಗಡಿಯ ದೂಧ್‌ಸಾಗರ್‌ನಲ್ಲಿ 2023ರ ಜುಲೈನಲ್ಲಿ ಹಳಿ ಮೇಲೆ ಜಲಪಾತ ನೋಡೋಕೆ ಹೋದ ನೂರಾರು ಜನರನ್ನ ತಡೆದು, ಕೆಲವರಿಗೆ ಅಲ್ಲೇ ಬಸ್ಕಿ ಹೊಡೆಸಿದ ವಿಡಿಯೊ ದೇಶವೆಲ್ಲ ಓಡಾಡಿತು. ನೈಋತ್ಯ ರೈಲ್ವೆ ಆಗ, ಜಲಪಾತವನ್ನ ರೈಲಿನ ಒಳಗಿಂದಲೇ ನೋಡಿ ಅಂತ ಮನವಿ ಮಾಡಿತ್ತು. ಸಕಲೇಶಪುರ ಘಾಟಿಯೂ ಅದೇ ನೈಋತ್ಯ ರೈಲ್ವೆಯದ್ದು, ಮೈಸೂರು ವಿಭಾಗದ ಕೈಯಲ್ಲಿದೆ.

ಹಾಗಾದ್ರೆ ನೋಡೋದು ಹೇಗೆ

ಟಿಕೆಟ್ ತಗೊಂಡು, ಕಿಟಕಿ ಪಕ್ಕ ಕೂತು ನೋಡೋದು. 2021ರ ಜುಲೈಯಿಂದ ಯಶವಂತಪುರ ಕಡೆಯ ಹಗಲಿನ ರೈಲುಗಳಿಗೆ ವಿಸ್ಟಾಡೋಮ್ ಬೋಗಿ ಜೋಡಿಸಿದರು. ದೊಡ್ಡ ಗಾಜಿನ ಕಿಟಕಿ, ಚಾವಣಿಯಲ್ಲೂ ಗಾಜು, ಒಂದು ಬೋಗಿಗೆ 44 ಸೀಟು. ಟಿಕೆಟ್ ದುಬಾರಿ. ದುಡ್ಡು ಉಳಿಸಬೇಕು ಅಂದ್ರೆ ಅದೇ ಗಾಡಿಯ ಸೆಕೆಂಡ್ ಸಿಟ್ಟಿಂಗ್ ಸಾಕು, ಕಿಟಕಿ ತೆರೆಯೋಕೆ ಆಗೋದರಿಂದ ಕಾಡಿನ ಗಾಳಿ ಉಚಿತ. ಬಾಗಿಲಲ್ಲಿ ನೇತಾಡೋದು ಬೇಡ, ಸುರಂಗದ ಗೋಡೆ ಬಹಳ ಹತ್ತಿರ ಬರುತ್ತೆ.

ನಮ್ಮ ಕಡೆಯವರು ಗಮನಿಸಬೇಕಾದ್ದು: ಮೈಸೂರು ಮೇಲೆ ಮಂಗಳೂರಿಗೆ ಹೋಗೋ ಗಾಡಿ ಘಾಟಿ ದಾಟೋದು ರಾತ್ರಿ, ಏನೂ ಕಾಣಲ್ಲ. ಹಗಲಿನ ಗಾಡಿಗಳು ಬೆಂಗಳೂರಿನಿಂದ ಶ್ರವಣಬೆಳಗೊಳ ಮೇಲೆ ಹಾಸನಕ್ಕೆ ಬರುತ್ತವೆ. ಆದ್ದರಿಂದ ಕೆ.ಆರ್.ನಗರದಲ್ಲಿ ರೈಲು ಹತ್ತಿ ಹಾಸನದಲ್ಲಿ ಗಾಡಿ ಬದಲಿಸಬೇಕು, ಇಲ್ಲ ಬಸ್ಸಲ್ಲಿ ಸಕಲೇಶಪುರಕ್ಕೇ ಹೋಗಿ ಅಲ್ಲಿ ಹತ್ತಬೇಕು. ಹುಣಸೂರು, ಎಚ್.ಡಿ.ಕೋಟೆಯವರಿಗೂ ಕೆ.ಆರ್.ನಗರ, ಹೊಳೆನರಸೀಪುರ, ಹಾಸನದ ರಸ್ತೆಯೇ ಸಲೀಸು. ಪಿರಿಯಾಪಟ್ಟಣದವರು ಕುಶಾಲನಗರ, ಸೋಮವಾರಪೇಟೆ, ಶನಿವಾರಸಂತೆ ಮೇಲೂ ಹೋಗಬಹುದು, ದಾರಿ ಅಂಕುಡೊಂಕು, ನೋಟ ಚೆನ್ನಾಗಿದೆ. ರೈಲಿನಲ್ಲಿ ನೆಟ್ಟಣಕ್ಕೆ ಇಳಿದರೆ ಕುಕ್ಕೆ ಸುಬ್ರಹ್ಮಣ್ಯ ಹತ್ತಿರ, ದರ್ಶನ ಮುಗಿಸಿ ಬಿಸಿಲೆ ಘಾಟಿ ರಸ್ತೆಯಲ್ಲಿ ವಾಪಸ್ ಬರೋರೂ ಇದ್ದಾರೆ.

ನಡೆಯಲೇಬೇಕು ಅನ್ನೋರಿಗೆ ಕುಮಾರಪರ್ವತ ಇದೆ. 2024ರಿಂದ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟ್‌ನಲ್ಲಿ ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಪ್ರವೇಶ, ದಿನಕ್ಕೆ ಇಷ್ಟೇ ಜನ ಅನ್ನೋ ಮಿತಿಯೂ ಇದೆ. ಅಷ್ಟು ಹತ್ತೋಕೆ ಆಗದವರಿಗೆ ದೋಣಿಗಾಲ್ ಬಳಿಯೇ ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರ ಆಕಾರದ ಮಂಜರಾಬಾದ್ ಕೋಟೆ, ಹೆದ್ದಾರಿ ಪಕ್ಕದಲ್ಲೇ. ಬಿಸಿಲೆಯ ವ್ಯೂ ಪಾಯಿಂಟ್‌ನಿಂದ ಇಡೀ ಕಣಿವೆ ಕಾಣುತ್ತೆ.

ನಿಜವಾಗಿ ಗಾಡಿ ಓಡದ ಹಳೇ ರೈಲ್ವೆ ಜಾಗ ನೋಡಬೇಕು ಅಂದ್ರೆ ಜಿಲ್ಲೆ ಬಿಟ್ಟು ಹೋಗಬೇಕಾಗೇ ಇಲ್ಲ. ನಂಜನಗೂಡಿನಲ್ಲಿ ಕಪಿಲೆ ಮೇಲೆ 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಕಲ್ಲಿನ ಸೇತುವೆ ಇದೆ. ಅದರ ಮೇಲೆ ರಸ್ತೆಯೂ ಇತ್ತು, ಮೀಟರ್ ಗೇಜ್ ರೈಲೂ ಓಡ್ತಿತ್ತು. ಚಾಮರಾಜನಗರ ಮಾರ್ಗ ಬ್ರಾಡ್ ಗೇಜ್ ಆದಾಗ ರೈಲು ಪಕ್ಕದ ಹೊಸ ಸೇತುವೆಗೆ ಹೋಯ್ತು. ಎಚ್.ಡಿ.ಕೋಟೆಯವರಿಗೆ ಅರ್ಧ ದಿನದ ಕೆಲಸ, ದೇವಸ್ಥಾನವೂ ಅಲ್ಲೇ. ಹುಣಸೂರು, ಪಿರಿಯಾಪಟ್ಟಣದವರಿಗೆ ಹಳೇ ಹಳಿ ಇರಲಿ, ಹೊಸದೇ ಇನ್ನೂ ಬಂದಿಲ್ಲ. ಕುಶಾಲನಗರದವರೆಗಿನ ಸುಮಾರು 87 ಕಿ.ಮೀ. ಮಾರ್ಗ ಸರ್ವೆ, ಮಂಜೂರಾತಿ ಅಂತ ಸುದ್ದಿಯಲ್ಲೇ ಓಡ್ತಿದೆ.

ಘಾಟಿ ರೈಲಿಗೆ ಹೋಗೋದಾದ್ರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಒಳ್ಳೇ ಸಮಯ, ಜಲಪಾತಗಳಲ್ಲಿ ನೀರಿರುತ್ತೆ, ಗುಡ್ಡ ಕುಸಿಯೋ ಭಯ ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ದಿಢೀರ್ ಅಂತ ಗಾಡಿ ರದ್ದಾಗೋದು ಹೊಸದಲ್ಲ. ಹೊರಡೋ ಹಿಂದಿನ ದಿನ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಆ ದಿನ ಹಗಲಿನ ಗಾಡಿ ಇದೆಯಾ, ಹಾಸನ ಮತ್ತು ಸಕಲೇಶಪುರಕ್ಕೆ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ.