ಕೆಡದ ದೇಹ, ಅಳಿಯದ ಹೆಸರು

ಸತ್ತವರ ದೇಹವನ್ನು ಬೆಂಕಿಗೋ ಮಣ್ಣಿಗೋ ಒಪ್ಪಿಸಿ ಆತ್ಮಕ್ಕೆ ಸದ್ಗತಿಯನ್ನು ಕೋರುವುದು ನಮ್ಮಲ್ಲಿ ಬಹುಮಂದಿಯ ರೂಢಿ. ಪ್ರಾಚೀನ ಈಜಿಪ್ಟಿನವರ ಎಣಿಕೆಯೇ ಬೇರೆ. ದೇಹ ಕೆಟ್ಟರೆ ಸತ್ತವನಿಗೆ ಪರಲೋಕದ ಬಾಳು ಇಲ್ಲವೆಂದು ಅವರು ನಂಬಿದ್ದರು. ಮನುಷ್ಯನ ಚೇತನದ ಒಂದು ಅಂಶಕ್ಕೆ 'ಬಾ' ಎಂದು ಹೆಸರಿಟ್ಟು, ಅದನ್ನು ಮನುಷ್ಯನ ತಲೆಯುಳ್ಳ ಹಕ್ಕಿಯಂತೆ ಚಿತ್ರಿಸುತ್ತಿದ್ದರು. ಹಗಲು ಹಾರಾಡಿದ ಆ ಹಕ್ಕಿ ಇರುಳಿಗೆ ತನ್ನ ದೇಹವನ್ನು ಬಂದು ಸೇರಬೇಕು. ಗೂಡೇ ಇಲ್ಲದಿದ್ದರೆ ಅದು ಹೋಗುವುದಾದರೂ ಎಲ್ಲಿಗೆ?

ಆದಿಯಲ್ಲಿ ಶವಗಳನ್ನು ಮರುಭೂಮಿಯ ಗುಂಡಿಗಳಲ್ಲಿ ಹೂಳುತ್ತಿದ್ದರು. ಬಿಸಿ ಮರಳು ನೀರಿನಂಶವನ್ನು ಹೀರಿ ದೇಹವನ್ನು ತಾನಾಗಿಯೇ ಒಣಗಿಸುತ್ತಿತ್ತು. ಪೆಟ್ಟಿಗೆ, ಕಲ್ಲಿನ ಗೋರಿಗಳು ಬಂದಮೇಲೆ ಮರಳಿನ ಕೆಲಸ ಮನುಷ್ಯನ ಪಾಲಿಗೆ ಬಿತ್ತು. ಶ್ವಾಸಕೋಶ, ಕರುಳು ಮೊದಲಾದುವನ್ನು ಹೊರತೆಗೆದು, ನೇಟ್ರನ್ ಎಂಬ ಉಪ್ಪಿನಲ್ಲಿ ದೇಹವನ್ನು ಸುಮಾರು 40 ದಿನ ಒಣಗಿಸಿ, ರಾಳ ಸವರಿ, ನಾರುಬಟ್ಟೆಯಲ್ಲಿ ಸುತ್ತುತ್ತಿದ್ದರು. ಒಟ್ಟು 70 ದಿನಗಳ ಕೆಲಸ. ಮಿದುಳನ್ನು ಮೂಗಿನ ಮೂಲಕ ತೆಗೆದು ಎಸೆಯುತ್ತಿದ್ದರು. ಹೃದಯವನ್ನು ಮಾತ್ರ ಸಾಮಾನ್ಯವಾಗಿ ಅಲ್ಲಿಯೇ ಬಿಡುತ್ತಿದ್ದರು. ಪರಲೋಕದ ನ್ಯಾಯಸ್ಥಾನದಲ್ಲಿ ಸತ್ಯದ ಗರಿಯೊಡನೆ ತೂಗಬೇಕಾದುದು ಅದೇ ಅಲ್ಲವೆ? ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈ ಕಸುಬಿನಲ್ಲಿ ಬೆಲೆಗೆ ತಕ್ಕಂತೆ ಮೂರು ಬಗೆಗಳಿದ್ದುವೆಂದು ಬರೆದಿದ್ದಾನೆ. ಸಾವಿನಲ್ಲಿಯೂ ಸಿರಿವಂತ, ಬಡವ ಎಂಬ ಭೇದ ತಪ್ಪಲಿಲ್ಲ.

ಇಷ್ಟೆಲ್ಲ ಶ್ರಮದಿಂದ ದೇಹವೇನೋ ಉಳಿಯಿತು. ಆದರೆ ದೇಹ ಉಳಿದವರೆಲ್ಲ ಉಳಿದರೆ? ಹೆಸರು ಮರೆತುಹೋದ ಎಷ್ಟೋ ಶವಗಳನ್ನು ಮುಂದೆ ಯೂರೋಪಿನಲ್ಲಿ ಪುಡಿಮಾಡಿ ಔಷಧವೆಂದು ಮಾರಿದರು. ಚಿತ್ರಕಾರರ ಕಂದುಬಣ್ಣಕ್ಕೂ ಬೆರೆಸಿದರು.

ಎರಡನೆಯ ರಾಮ್ಸೆಸ್ ದೊರೆಯ ಗತಿ ಹಾಗಾಗಲಿಲ್ಲ. ಅರಸರ ಗೋರಿಗಳಿಗೆ ಕಳ್ಳರು ನುಗ್ಗಿದ ಕಾಲದಲ್ಲಿ ಪುರೋಹಿತರು ಅವನ ದೇಹವನ್ನು ಸಾಗಿಸಿ, ಅವನಾರೆಂಬುದನ್ನು ಬರೆದು, ಬೆಟ್ಟದ ಮರೆಯಲ್ಲಿ ಅಡಗಿಸಿದರು. 1881ರಲ್ಲಿ ವಿದ್ವಾಂಸರು ಅಲ್ಲಿಗಿಳಿದಾಗ ಅವನನ್ನು ಗುರುತಿಸಲು ಆ ಬರಹವೇ ನೆರವಾಯಿತು. 1976ರಲ್ಲಿ ಬೂಷ್ಟು ಹಿಡಿದ ಆ ದೇಹವನ್ನು ಶುಶ್ರೂಷೆಗಾಗಿ ಪ್ಯಾರಿಸಿಗೆ ಒಯ್ದರು. 2021ರ ಏಪ್ರಿಲ್ 3ರಂದು ಅವನೂ ಸೇರಿ 22 ಮಂದಿ ರಾಜರಾಣಿಯರನ್ನು ಕೈರೋ ನಗರದ ಬೀದಿಗಳಲ್ಲಿ ಮೆರವಣಿಗೆಯಲ್ಲಿ ಕರೆದೊಯ್ದು ಹೊಸ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು.

ಹೆಸರೂ ಮನುಷ್ಯನ ಒಂದು ಅಂಗವೇ, ಅದು ಅಳಿದರೆ ಅವನೂ ಅಳಿದಂತೆಯೇ ಎಂದು ಈಜಿಪ್ಟಿನವರು ತಿಳಿದಿದ್ದರು. ಉಪ್ಪು, ರಾಳಗಳು ಮಾಂಸವನ್ನು ಕಾಯಬಲ್ಲುವು. ಸತ್ತವನ ಮಾನವನ್ನು ಕಾಯುವ ಕೆಲಸ ಮಾತ್ರ ಎಂದೆಂದಿಗೂ ಬದುಕಿರುವವರದು.