ಟರ್ಮಿನಲ್ ಎಮ್ಯುಲೇಟರ್ ಪರವಾನಗಿಗಳ ವೆಚ್ಚ : ಒಂದು ಐತಿಹಾಸಿಕ ವಿವೇಚನೆ

೧

ವಾಣಿಜ್ಯ ಸಂಸ್ಥೆಗಳ ಲೆಕ್ಕಪತ್ರಗಳು ಖಾತೆಪುಸ್ತಕದಿಂದ ಗಣಕಯಂತ್ರಕ್ಕೆ ಸಾಗಿದ ವೃತ್ತಾಂತವನ್ನು ಬರೆದವರು ಸಾಮಾನ್ಯವಾಗಿ ಯಂತ್ರಗಳ ವೇಗ, ಅವುಗಳ ಶಕ್ತಿ, ಅವನ್ನು ರೂಪಿಸಿದವರ ಪ್ರತಿಭೆ ಇವುಗಳನ್ನೇ ವರ್ಣಿಸುತ್ತ ಬಂದಿದ್ದಾರೆ. ಆ ಯಂತ್ರಗಳನ್ನು ಬಳಸಿದವರು ಯಾವುದಕ್ಕೆ ಹಣ ತೆತ್ತರು, ಆ ಹಣವನ್ನು ಯಾವ ಮಾನದಿಂದ ಎಣಿಸಲಾಯಿತು ಎಂಬ ಪ್ರಶ್ನೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಆರ್ಥಿಕ ಇತಿಹಾಸದ ವಿದ್ಯಾರ್ಥಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು. ವಿಜಯನಗರದ ಕಾಲದ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ ಎಂಬ ಮಾತುಗಳು ಬರುತ್ತವೆ. ಅಲ್ಲಿ ತೆರಿಗೆಗೆ ಹೆಸರು ಕೊಟ್ಟಿರುವುದು ಬಟ್ಟೆಯೂ ಅಲ್ಲ, ಎಣ್ಣೆಯೂ ಅಲ್ಲ. ಅವನ್ನು ಪಡೆಯುವುದಕ್ಕೆ ಅನಿವಾರ್ಯವಾದ ಉಪಕರಣ. ಯಾವುದನ್ನು ಎಣಿಸಬೇಕು ಎಂದು ಗೊತ್ತುಮಾಡುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ತಿಳಿದರೆ ಆಯಾ ಕಾಲದ ಆರ್ಥಿಕ ಸಂಬಂಧಗಳ ತಿರುಳು ನಮಗೆ ದೊರೆಯುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಇದೇ ಪ್ರಶ್ನೆಯನ್ನು ತೀರ ಈಚಿನ ಒಂದು ವಸ್ತುವಿಗೆ ಅನ್ವಯಿಸಿ ನೋಡಲಿದ್ದೇವೆ. ಆ ವಸ್ತು ಟರ್ಮಿನಲ್ ಎಮ್ಯುಲೇಟರ್. ದೊಡ್ಡ ಗಣಕಯಂತ್ರಕ್ಕೆ ತಂತಿಯ ಮೂಲಕ ಜೋಡಿಸುತ್ತಿದ್ದ, ಪರದೆ ಮತ್ತು ಕೀಲಿಮಣೆಗಳಷ್ಟೇ ಉಳ್ಳ ಉಪಕರಣಕ್ಕೆ ಟರ್ಮಿನಲ್ ಎಂದು ಹೆಸರು. ಸಾಮಾನ್ಯ ಪಿ.ಸಿ.ಯು ಅಂತಹ ಟರ್ಮಿನಲ್ಲಿನಂತೆಯೇ ನಡೆದುಕೊಳ್ಳುವ ಹಾಗೆ ಮಾಡುವ ಸಾಫ್ಟ್‌ವೇರೇ ಎಮ್ಯುಲೇಟರ್. ನೋಡುವುದಕ್ಕೆ ಇದು ಅಲ್ಪವಾದ ವಸ್ತು. ಇದರೊಳಗೆ ಸರಕಿನ ಪಟ್ಟಿಯಿಲ್ಲ, ಗಿರಾಕಿಗಳ ಖಾತೆಯಿಲ್ಲ. ಅವೆಲ್ಲ ದೊಡ್ಡ ಯಂತ್ರದಲ್ಲಿಯೇ ಇರುತ್ತವೆ. ಅವುಗಳನ್ನು ಕಾಣುವುದಕ್ಕೆ ಇದೊಂದು ಕಿಟಕಿ ಮಾತ್ರ. ಹೀಗಿದ್ದರೂ ಹಲವು ದಶಕಗಳ ಕಾಲ ಈ ಕಿಟಕಿಯ ಸುತ್ತ ದೊಡ್ಡದೊಂದು ವ್ಯಾಪಾರ ಬೆಳೆಯಿತು, ವ್ಯಾಜ್ಯಗಳು ಹುಟ್ಟಿದವು. ಇದಕ್ಕೆ ಕಾರಣವೇನೆಂಬುದನ್ನು ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಮಧ್ಯಮ ಗಾತ್ರದ ವಾಣಿಜ್ಯ ಸಂಸ್ಥೆಗಳಿಗಾಗಿ ತಯಾರಿಸಿದ ಯಂತ್ರಗಳ ನಿದರ್ಶನದಿಂದ ವಿವೇಚಿಸುವುದು ನಮ್ಮ ಉದ್ದೇಶ.

೨

ಸಾಫ್ಟ್‌ವೇರಿಗೆ ಪ್ರತ್ಯೇಕವಾಗಿ ಬೆಲೆ ಕಟ್ಟುವ ಪದ್ಧತಿಯೇ ಬಹಳ ಹಳೆಯದಲ್ಲ. ೧೯೬೯ರವರೆಗೆ ಐ.ಬಿ.ಎಂ. ಸಂಸ್ಥೆಯು ಯಂತ್ರದ ಬಾಡಿಗೆ ಅಥವಾ ಕ್ರಯದಲ್ಲಿಯೇ ಕ್ರಮವಿಧಿಗಳನ್ನೂ ತಜ್ಞರ ನೆರವನ್ನೂ ಸೇರಿಸಿ ಕೊಡುತ್ತಿದ್ದಿತು. ಆ ವರ್ಷದ ಜನವರಿಯಲ್ಲಿ ಅಮೆರಿಕ ಸರಕಾರವು ಆ ಸಂಸ್ಥೆಯ ಮೇಲೆ ಏಕಸ್ವಾಮ್ಯವಿರೋಧಿ ದಾವೆಯನ್ನು ಹೂಡಿತು. ಜೂನ್ ತಿಂಗಳಲ್ಲಿ ಸಂಸ್ಥೆಯು ಸಾಫ್ಟ್‌ವೇರಿನ ಒಂದು ಭಾಗಕ್ಕೂ ಸೇವೆಗಳಿಗೂ ಇನ್ನು ಮುಂದೆ ಬೇರೆಬೇರೆಯಾಗಿ ಬೆಲೆ ಹಾಕುವುದಾಗಿ ಪ್ರಕಟಿಸಿತು. ಈ ನಿರ್ಧಾರದ ಹಿಂದೆ ದಾವೆಯ ಒತ್ತಡವೆಷ್ಟು, ಏರುತ್ತಿದ್ದ ತಯಾರಿಕೆಯ ವೆಚ್ಚವೆಷ್ಟು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಏನೇ ಆದರೂ, ಕೈಗೆ ಸಿಕ್ಕದ ವಸ್ತುವೊಂದನ್ನು ಯಾವ ಮಾನದಿಂದ ಎಣಿಸಿ ಮಾರಬೇಕೆಂಬ ಸಮಸ್ಯೆ ಅಂದಿನಿಂದ ಮೊದಲಾಯಿತೆನ್ನಬಹುದು.

ಟರ್ಮಿನಲ್ಲಿನ ವಿಷಯದಲ್ಲಿ ಮೊದಲಿಗೆ ಈ ಸಮಸ್ಯೆ ಏಳಲಿಲ್ಲ. ೧೯೭೭ರಲ್ಲಿ ಸಿಸ್ಟಂ/೩೪ ಎಂಬ ಯಂತ್ರದೊಡನೆ ಬಂದ ೫೨೫೦ ವರ್ಗದ ಟರ್ಮಿನಲ್ಲುಗಳು ಕಣ್ಣಿಗೆ ಕಾಣುವ, ಮೇಜಿನ ಮೇಲೆ ಕೂರುವ ಸಾಮಗ್ರಿಗಳಾಗಿದ್ದವು. ಪರದೆಯ ಮೇಲೆ ೨೪ ಸಾಲು, ಸಾಲಿಗೆ ೮೦ ಅಕ್ಷರ, ಹಸಿರು ಬಣ್ಣದ ಬರಹ. ಗುಮಾಸ್ತನು ಖಾಲಿ ಜಾಗಗಳನ್ನು ತುಂಬಿ ಒಂದು ಕೀಲಿಯನ್ನು ಒತ್ತಿದಾಗ ತುಂಬಿದ್ದೆಲ್ಲವೂ ಒಟ್ಟಿಗೆ ಯಂತ್ರಕ್ಕೆ ಹೋಗುತ್ತಿದ್ದಿತು. ಹತ್ತು ಗುಮಾಸ್ತರಿಗೆ ಹತ್ತು ಟರ್ಮಿನಲ್ಲು ಬೇಕಾಗಿದ್ದಿತು. ಹತ್ತಕ್ಕೆ ಹಣ ಕೊಟ್ಟರೆ ಮುಗಿಯಿತು. ಎಣಿಕೆಯೂ ವಸ್ತುವೂ ಒಂದೇ ಆಗಿದ್ದುದರಿಂದ ವಿವಾದಕ್ಕೆ ಅವಕಾಶವಿರಲಿಲ್ಲ.

೧೯೮೧ರಲ್ಲಿ ಪಿ.ಸಿ. ಮಾರುಕಟ್ಟೆಗೆ ಬಂದ ಮೇಲೆ ಈ ಸರಳತೆ ಅಳಿಯಿತು. ಒಂದೇ ಮೇಜಿನ ಮೇಲೆ ಪಿ.ಸಿ.ಯನ್ನೂ ಟರ್ಮಿನಲ್ಲನ್ನೂ ಇಟ್ಟುಕೊಳ್ಳುವುದು ದುಂದುವೆಚ್ಚವೆಂದು ಕಚೇರಿಗಳಿಗೆ ತೋರಿದುದು ಸಹಜ. ಪಿ.ಸಿ.ಯೊಳಗೆ ಒಂದು ಕಾರ್ಡನ್ನು ಸೇರಿಸಿ, ಸಾಫ್ಟ್‌ವೇರಿನ ನೆರವಿನಿಂದ ಅದನ್ನೇ ಟರ್ಮಿನಲ್ಲಾಗಿ ಮಾಡುವ ಉಪಾಯಗಳು ಬೇಗನೆ ಬಳಕೆಗೆ ಬಂದವು. ಐ.ಬಿ.ಎಂ. ಸಂಸ್ಥೆಯ ಇನ್ನೂ ದೊಡ್ಡ ಯಂತ್ರಗಳಿಗಾಗಿ ಜಾರ್ಜಿಯ ರಾಜ್ಯದ ಡಿ.ಸಿ.ಎ. ಸಂಸ್ಥೆಯು ಮಾರಿದ ಇರ್ಮಾ ಎಂಬ ಕಾರ್ಡು ಇವುಗಳಲ್ಲಿ ಪ್ರಸಿದ್ಧವಾದುದು. ಕಾರ್ಡು ಇರುವವರೆಗೆ ಎಣಿಸುವುದಕ್ಕೆ ಒಂದು ವಸ್ತುವಾದರೂ ಇದ್ದಿತು. ಮುಂದೆ ಕಚೇರಿಯ ಯಂತ್ರಗಳೆಲ್ಲವೂ ಸಾಮಾನ್ಯ ಜಾಲಗಳಿಂದ ಜೋಡಣೆಗೊಂಡಾಗ ಕಾರ್ಡೂ ಬೇಡವಾಯಿತು. ಉಳಿದುದು ಸಾಫ್ಟ್‌ವೇರು ಮಾತ್ರ. ಅದನ್ನು ಎಣಿಸಲು ಉಳಿದ ಸಾಧನ ಪರವಾನಗಿ ಪತ್ರ ಮಾತ್ರ.

೩

೧೯೮೮ರ ಜೂನ್ ೨೧ರಂದು ಐ.ಬಿ.ಎಂ. ಸಂಸ್ಥೆಯು ಎ.ಎಸ್./೪೦೦ ಎಂಬ ಯಂತ್ರವನ್ನು ಪ್ರಕಟಿಸಿತು. ಮಿನೆಸೋಟ ರಾಜ್ಯದ ರಾಚೆಸ್ಟರ್ ನಗರದಲ್ಲಿ ಸಿದ್ಧವಾದ ಈ ಯಂತ್ರದಲ್ಲಿ ಹಿಂದಿನ ಸಿಸ್ಟಂ/೩೬, ಸಿಸ್ಟಂ/೩೮ ಯಂತ್ರಗಳಿಗಾಗಿ ಬರೆದ ಕ್ರಮವಿಧಿಗಳನ್ನೂ ನಡೆಸಬಹುದಾಗಿದ್ದಿತು. ಆದುದರಿಂದ ಸಗಟು ವ್ಯಾಪಾರಿಗಳೂ ಕಾರ್ಖಾನೆಗಳೂ ಬ್ಯಾಂಕುಗಳೂ ತಮ್ಮ ಹಳೆಯ ಲೆಕ್ಕದ ಏರ್ಪಾಡುಗಳೊಡನೆಯೇ ಇದಕ್ಕೆ ಬಂದರು. ಅವರ ದೈನಂದಿನ ವ್ಯವಹಾರವೆಲ್ಲ ೫೨೫೦ರ ಪರದೆಯ ಆಕಾರದಲ್ಲಿಯೇ ರೂಪುಗೊಂಡಿದ್ದಿತೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಯಂತ್ರ ಹೊಸದು, ಪರದೆ ಹಳೆಯದು.

ಪಿ.ಸಿ.ಯಿಂದ ಈ ಯಂತ್ರವನ್ನು ಸೇರುವುದಕ್ಕೆ ಸಂಸ್ಥೆಯು ತಾನೇ ಒದಗಿಸಿದ ಸಾಫ್ಟ್‌ವೇರು ಮೊದಲು ಪಿ.ಸಿ. ಸಪೋರ್ಟ್ ಎಂದೂ, ಅನಂತರ ಕ್ಲೈಂಟ್ ಆಕ್ಸೆಸ್ ಎಂದೂ, ೨೦೦೦ದ ಬಳಿಕ ಐಸೀರೀಸ್ ಆಕ್ಸೆಸ್, ಐ ಆಕ್ಸೆಸ್ ಎಂದೂ ಹೆಸರನ್ನು ಬದಲಾಯಿಸುತ್ತ ಬಂದಿತು. ಇದರ ಪರವಾನಗಿಯ ಕ್ರಮ ಬಹು ಸ್ವಾರಸ್ಯಕರವಾದುದು. ಬಹುಕಾಲ ಈ ಒಂದೇ ಸಾಫ್ಟ್‌ವೇರಿನ ಕೆಲವು ಭಾಗಗಳಿಗೆ ಶುಲ್ಕವಿರಲಿಲ್ಲ. ಬೇರೆ ಕ್ರಮವಿಧಿಗಳು ಯಂತ್ರದೊಳಗಿನ ದತ್ತಾಂಶವನ್ನು ಓದುವುದಕ್ಕೆ ಬೇಕಾದ ಓ.ಡಿ.ಬಿ.ಸಿ. ಚಾಲಕವು ಅಂಥದು. ೫೨೫೦ರ ಪರದೆಯನ್ನು ತೆರೆದೊಡನೆಯೇ ಒಬ್ಬ ಬಳಕೆದಾರನೆಂಬ ಎಣಿಕೆ ದೊಡ್ಡ ಯಂತ್ರದಲ್ಲಿ ದಾಖಲಾಗುತ್ತಿದ್ದಿತು. ಎಂದರೆ, ಅದೇ ದಾಖಲೆಯನ್ನು ಹೊಸ ರೀತಿಯಿಂದ ಓದುವವನು ಉಚಿತವಾಗಿ ಓದಬಹುದಾಗಿದ್ದಿತು. ಹಳೆಯ ರೀತಿಯಿಂದ ಓದುವವನು ಶುಲ್ಕ ತೆರಬೇಕಾಗಿದ್ದಿತು.

ಇಷ್ಟರಲ್ಲಿ ಇನ್ನೊಂದು ಬೆಳವಣಿಗೆಯೂ ನಡೆದಿದ್ದಿತು. ೫೨೫೦ರ ಪರದೆಯನ್ನು ಟೆಲ್ನೆಟ್ ಎಂಬ ಸಾರ್ವಜನಿಕ ಜಾಲಪದ್ಧತಿಯ ಮೂಲಕ ಸಾಗಿಸುವ ಕ್ರಮವನ್ನು ೧೯೯೧ರ ಫೆಬ್ರುವರಿಯಲ್ಲಿ ಆರ್.ಎಫ್.ಸಿ. ೧೨೦೫ ಎಂಬ ಪತ್ರದಲ್ಲಿ ಪ್ರಕಟಿಸಲಾಯಿತು. ನಿಯಮಗಳು ಬಹಿರಂಗವಾದ ಮೇಲೆ ಯಾರು ಬೇಕಾದರೂ ಎಮ್ಯುಲೇಟರನ್ನು ಬರೆಯಬಹುದಾಯಿತು, ಟಿ.ಎನ್.೫೨೫೦ ಎಂಬ ಹೆಸರಿನ ಉಚಿತ ಸಾಫ್ಟ್‌ವೇರುಗಳೂ ಹುಟ್ಟಿದವು. ಸಾಮಾನ್ಯ ಅರ್ಥಶಾಸ್ತ್ರದ ನಿಯಮದಂತೆ ಕಿಟಕಿಯ ಬೆಲೆ ಇಲ್ಲಿಗೆ ಶೂನ್ಯದ ಕಡೆಗೆ ಇಳಿಯಬೇಕಾಗಿದ್ದಿತು. ಆದರೆ ಬಳಕೆದಾರನು ತೆರಬೇಕಾದ ಹಣವು ಒಂದು ಕಡೆಯಲ್ಲಿ ಇಳಿಯುವಷ್ಟರಲ್ಲಿ ಇನ್ನೊಂದು ಕಡೆಯಲ್ಲಿ ಕಾಣಿಸಿಕೊಂಡಿತು.

೪

೧೯೯೦ರ ದಶಕದ ನಡುಭಾಗದಿಂದ ಐ.ಬಿ.ಎಂ. ಸಂಸ್ಥೆಯು ಎ.ಎಸ್./೪೦೦ರ ಕೆಲವು ಮಾದರಿಗಳನ್ನು ‘ಸರ್ವರ್’ ಎಂಬ ಹೆಸರಿನಿಂದ ಕಡಮೆ ಬೆಲೆಗೆ ಮಾರಲಾರಂಭಿಸಿತು. ಇವುಗಳ ಶಕ್ತಿಯನ್ನು ಸಿ.ಪಿ.ಡಬ್ಲ್ಯು. ಎಂಬ ಮಾನದಿಂದ ಅಳೆಯುತ್ತಿದ್ದರು. ಅಳತೆಯಲ್ಲಿ ಎರಡು ಅಂಕಿಗಳಿರುತ್ತಿದ್ದವು. ಒಂದು, ಯಂತ್ರದ ಒಟ್ಟು ಶಕ್ತಿ. ಇನ್ನೊಂದು, ೫೨೫೦ರ ಪರದೆಯ ಕೆಲಸಕ್ಕಾಗಿ ಅದರಲ್ಲಿ ಬಿಟ್ಟುಕೊಟ್ಟಿರುವ ಅಂಶ. ಈ ಎರಡನೆಯದು ಮೊದಲನೆಯದಕ್ಕಿಂತ ಬಹಳ ಸಣ್ಣದಾಗಿರುತ್ತಿದ್ದಿತು. ೧೯೯೯ರಲ್ಲಿ ಬಂದ ೭೨೦, ೭೩೦, ೭೪೦ ಮಾದರಿಗಳಲ್ಲಿ ಪರದೆಯ ಕೆಲಸಕ್ಕೆ ಹೆಚ್ಚು ಶಕ್ತಿ ಬೇಕೆನ್ನುವವನು ‘ಇಂಟರಾಕ್ಟಿವ್ ಫೀಚರ್’ ಎಂಬುದನ್ನು ಬೇರೆಯಾಗಿ ಕ್ರಯಕ್ಕೆ ಕೊಳ್ಳಬೇಕಾಗಿದ್ದಿತು.

ಕೊಂಡ ಅಂಶವನ್ನು ಮೀರಿದರೆ ಆಗುತ್ತಿದ್ದುದೇನೆಂಬುದನ್ನು ಗಮನಿಸಬೇಕು. ಯಂತ್ರದೊಳಗೆ ಸಿ.ಎಫ್.ಐ.ಎನ್.ಟಿ. ಎಂಬ ಹೆಸರಿನ ಕಾರ್ಯಗಳು ಚುರುಕುಗೊಂಡು ಸಂಸ್ಕರಣಶಕ್ತಿಯನ್ನು ತಾವೇ ಬಳಸಿಕೊಳ್ಳುತ್ತಿದ್ದವು. ಉಳಿದ ಕೆಲಸಗಳೆಲ್ಲ ನಿಧಾನವಾಗುತ್ತಿದ್ದವು. ಯಂತ್ರದಲ್ಲಿ ಶಕ್ತಿಯಿದ್ದೂ ಅದು ಬಳಕೆದಾರನಿಗೆ ಒದಗುತ್ತಿರಲಿಲ್ಲ. ಇಂತಹ ಸ್ಥಿತಿಯಲ್ಲಿ ಎಮ್ಯುಲೇಟರನ್ನು ಉಚಿತವಾಗಿ ತಂದವನಿಗೂ ಬಿಡುಗಡೆಯಿರಲಿಲ್ಲ. ಸುಂಕದ ಕಟ್ಟೆ ಕಿಟಕಿಯಿಂದ ಮನೆಯ ಒಳಗಡೆಗೇ ಸರಿದಿದ್ದಿತು. ಬಳಕೆದಾರರು ಇದನ್ನು ‘ಹಸಿರು ಪರದೆಯ ತೆರಿಗೆ’ ಎಂಬರ್ಥದ ಹೆಸರಿನಿಂದ ಹೀಗಳೆದುದು ಅಕಾರಣವಲ್ಲ.

ಸಂಸ್ಥೆಯ ಪಕ್ಷದಲ್ಲಿ ಹೇಳಬಹುದಾದುದನ್ನೂ ನಾವು ಮರೆಯಬಾರದು. ಆ ದಶಕದಲ್ಲಿ ಯುನಿಕ್ಸ್ ಮತ್ತು ವಿಂಡೋಸ್ ಯಂತ್ರಗಳು ಅಗ್ಗವಾಗಿ ದೊರೆಯುತ್ತಿದ್ದವು. ಅವುಗಳೊಡನೆ ಸ್ಪರ್ಧಿಸಲು ಹೊಸ ಬಗೆಯ ಕೆಲಸಗಳಿಗೆ ಬೆಲೆಯನ್ನು ಇಳಿಸಲೇಬೇಕಾಗಿದ್ದಿತು. ಎಲ್ಲ ಕೆಲಸಗಳಿಗೂ ಇಳಿಸಿದ್ದರೆ, ಯಂತ್ರದ ಮುಂದಿನ ಬೆಳವಣಿಗೆಗೆ ಬೇಕಾದ ಆದಾಯಕ್ಕೇ ಕುಂದು ಬರುತ್ತಿದ್ದಿತೆಂದು ವಾದಿಸಲು ಅವಕಾಶವುಂಟು. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅದರ ಭಾರ ಯಾರ ಮೇಲೆ ಬಿದ್ದಿತೆಂಬುದು ಸ್ಪಷ್ಟವಾಗಿದೆ. ಹೊಸದಾಗಿ ಬರುವ ಗಿರಾಕಿಗೆ ಬೇರೆ ಯಂತ್ರಗಳ ಆಯ್ಕೆಯಿದ್ದುದರಿಂದ ಅವನಿಗೆ ರಿಯಾಯಿತಿ ದೊರೆಯಿತು. ಹಳೆಯ ಕ್ರಮವಿಧಿಗಳನ್ನು ಬಿಟ್ಟು ಹೋಗಲಾರದ ಹಳೆಯ ಗಿರಾಕಿಯೇ ಆ ರಿಯಾಯಿತಿಯ ವೆಚ್ಚವನ್ನು ಹೊತ್ತನು.

ಈ ಏರ್ಪಾಡು ಕ್ರಮೇಣ ಸಡಿಲವಾಯಿತು. ೨೦೦೩ರ ಜನವರಿಯಲ್ಲಿ ಹೊಸ ಮಾದರಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಸ್ಟಾಂಡರ್ಡ್ ಎಂಬುದರಲ್ಲಿ ೫೨೫೦ರ ವ್ಯವಹಾರಕ್ಕೆ ಅವಕಾಶವೇ ಇಲ್ಲ. ಎಂಟರ್‌ಪ್ರೈಸ್ ಎಂಬುದರಲ್ಲಿ ಯಂತ್ರದ ಶಕ್ತಿಯೆಲ್ಲವೂ ಅದಕ್ಕೆ ಲಭ್ಯ. ೨೦೦೭ರಲ್ಲಿ ೫೧೫, ೫೨೫ ಎಂಬ ಸಣ್ಣ ಮಾದರಿಗಳನ್ನು ಬಳಕೆದಾರರ ಸಂಖ್ಯೆಯ ಮೇಲೆ ಮಾರಿದರು. ಮೂವತ್ತು ವರ್ಷಗಳ ಹಿಂದೆ ಹತ್ತು ಗುಮಾಸ್ತರಿಗೆ ಹತ್ತು ಟರ್ಮಿನಲ್ಲೆಂದು ಎಣಿಸುತ್ತಿದ್ದ ಕ್ರಮಕ್ಕೆ ಎಣಿಕೆ ಹೀಗೆ ಒಂದು ಸುತ್ತು ಬಂದು ಸಮೀಪಿಸಿತು.

೫

ಮೇಲೆ ಹೇಳಿದುದು ಯಂತ್ರದ ಒಡೆಯರ ಎಣಿಕೆ. ಎಮ್ಯುಲೇಟರನ್ನಷ್ಟೇ ಮಾರುತ್ತಿದ್ದ ಬೇರೆ ಸಂಸ್ಥೆಗಳ ಎಣಿಕೆಯೂ ಕಡಮೆ ತೊಡಕಿನದಾಗಿರಲಿಲ್ಲ. ಇದಕ್ಕೆ ವಾಲ್ ಡೇಟಾ ಸಂಸ್ಥೆಗೂ ಲಾಸ್ ಏಂಜಲೀಸ್ ಜಿಲ್ಲೆಯ ಷೆರಿಫರ ಇಲಾಖೆಗೂ ನಡೆದ ವ್ಯಾಜ್ಯವು ಉತ್ತಮ ನಿದರ್ಶನ.

ವಾಲ್ ಡೇಟಾ ಸಂಸ್ಥೆಯ ರುಂಬಾ ಎಂಬ ಎಮ್ಯುಲೇಟರಿಗಾಗಿ ಆ ಇಲಾಖೆಯು ೩,೬೬೩ ಪರವಾನಗಿಗಳನ್ನು ಕೊಂಡಿದ್ದಿತು. ಹೊಸ ಕಾರಾಗೃಹದ ಕಟ್ಟಡದಲ್ಲಿ ಗಣಕಗಳನ್ನು ಸಜ್ಜುಗೊಳಿಸುವಾಗ, ಒಂದು ಯಂತ್ರದ ಡಿಸ್ಕನ್ನು ಇದ್ದ ಹಾಗೆಯೇ ಉಳಿದವಕ್ಕೆ ಪ್ರತಿಮಾಡುವ ಸುಲಭ ಮಾರ್ಗವನ್ನು ಹಿಡಿದುದರಿಂದ, ರುಂಬಾ ಒಟ್ಟು ೬,೦೦೭ ಯಂತ್ರಗಳಲ್ಲಿ ಸೇರಿತು. ಏಕಕಾಲದಲ್ಲಿ ೩,೬೬೩ಕ್ಕಿಂತ ಹೆಚ್ಚು ಮಂದಿ ಅದನ್ನು ಬಳಸಲಾಗದಂತೆ ಇಲಾಖೆಯು ಕಟ್ಟುಪಾಡನ್ನೂ ಮಾಡಿದ್ದಿತು. ಕೊಂಡಷ್ಟೇ ಬಳಸಿದ್ದೇವೆ ಎಂಬುದು ಇಲಾಖೆಯ ವಾದ. ಪರವಾನಗಿಯು ಯಂತ್ರಕ್ಕೆ ಒಂದರಂತೆ ಇದೆ, ಬಳಕೆಗೆ ಒಂದರಂತೆ ಇಲ್ಲ ಎಂಬುದು ಸಂಸ್ಥೆಯ ವಾದ. ನ್ಯಾಯದರ್ಶಿಗಳು ಸಂಸ್ಥೆಯ ಪರವಾಗಿ ೨,೧೦,೦೦೦ ಡಾಲರುಗಳ ಪರಿಹಾರವನ್ನು ವಿಧಿಸಿದರು. ವಕೀಲರ ಶುಲ್ಕವೆಂದು ೫,೧೬,೨೭೧ ಡಾಲರುಗಳು ಇದಕ್ಕೆ ಸೇರಿದವು. ೨೦೦೬ರ ಮೇ ತಿಂಗಳಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಈ ತೀರ್ಪನ್ನು ಎತ್ತಿಹಿಡಿಯಿತು. ಯಾವ ಯಂತ್ರದಲ್ಲಿ ಬೇಕಾದರೂ ಬಳಸುವ ಅನುಕೂಲವೂ ಬೆಲೆಯುಳ್ಳ ವಸ್ತುವೇ, ಇಲಾಖೆಯು ಅದಕ್ಕೆ ಹಣ ತೆತ್ತಿಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯದ ಸಾರಾಂಶ.

ಈ ವ್ಯಾಜ್ಯದಲ್ಲಿ ಎರಡು ಪಕ್ಷಗಳೂ ಒಂದೇ ಸಂಖ್ಯೆಯನ್ನು ಒಪ್ಪಿದ್ದವು. ಸಂಖ್ಯೆಯ ಮುಂದಿನ ನಾಮಪದದಲ್ಲಿ ಮಾತ್ರ ಭೇದ. ೩,೬೬೩ ಏನು? ಯಂತ್ರಗಳೋ, ಮನುಷ್ಯರೋ, ಒಂದು ಕ್ಷಣದಲ್ಲಿ ತೆರೆದಿರುವ ಪರದೆಗಳೋ? ಉತ್ತರವಿದ್ದುದು ಪರವಾನಗಿ ಪತ್ರದ ಒಂದು ವಾಕ್ಯದಲ್ಲಿ. ಆ ವಾಕ್ಯವನ್ನು ಬರೆದವನು ಮಾರಿದವನೇ.

೬

ಕೊನೆಯದಾಗಿ, ಈ ವ್ಯಾಪಾರದ ಮಾಲೀಕತ್ವದ ಚರಿತ್ರೆಯನ್ನು ಸಂಕ್ಷೇಪವಾಗಿ ಸೂಚಿಸಬಹುದು. ಇರ್ಮಾ ಕಾರ್ಡಿನ ಡಿ.ಸಿ.ಎ. ಸಂಸ್ಥೆಯು ೧೯೯೪ರಲ್ಲಿ ಅಟಾಚ್‌ಮೇಟ್ ಸಂಸ್ಥೆಯೊಡನೆ ಕೂಡಿತು. ರಿಫ್ಲೆಕ್ಷನ್ ಎಂಬ ಎಮ್ಯುಲೇಟರನ್ನು ತಯಾರಿಸುತ್ತಿದ್ದ ಸಿಯಾಟಲ್ ನಗರದ ಡಬ್ಲ್ಯು.ಆರ್.ಕ್ಯು. ಸಂಸ್ಥೆಯೂ ೨೦೦೫ರ ವೇಳೆಗೆ ಅದರೊಡನೆ ಒಂದಾಯಿತು. ವಾಲ್ ಡೇಟಾವನ್ನು ೧೯೯೯ರಲ್ಲಿ ನೆಟ್‌ಮ್ಯಾನೇಜ್ ಸಂಸ್ಥೆಯೂ, ಅದನ್ನು ೨೦೦೮ರಲ್ಲಿ ಮೈಕ್ರೋ ಫೋಕಸ್ ಸಂಸ್ಥೆಯೂ ಕೊಂಡವು. ೨೦೧೪ರಲ್ಲಿ ಅಟಾಚ್‌ಮೇಟ್ ಕೂಡ ಮೈಕ್ರೋ ಫೋಕಸ್‌ನೊಳಗೆ ಸೇರಿತು. ೨೦೨೩ರಲ್ಲಿ ಮೈಕ್ರೋ ಫೋಕಸ್ ಓಪನ್‌ಟೆಕ್ಸ್ಟ್ ಸಂಸ್ಥೆಯ ಪಾಲಾಯಿತು. ಮರುವರ್ಷ ಎಮ್ಯುಲೇಟರುಗಳ ವಿಭಾಗವು ರಾಕೆಟ್ ಸಾಫ್ಟ್‌ವೇರ್ ಸಂಸ್ಥೆಗೆ ಮಾರಾಟವಾಯಿತು. ಒಂದು ಕಾಲಕ್ಕೆ ಪರಸ್ಪರ ಸ್ಪರ್ಧಿಗಳಾಗಿದ್ದವರ ಸರಕುಗಳು ಒಂದೇ ಅಂಗಡಿಗೆ ಬಂದು ಸೇರಿದವು. ಹೊಸ ಗುಣಗಳನ್ನು ಹೆಚ್ಚಾಗಿ ಪಡೆಯದ ಹಳೆಯ ಸರಕೊಂದನ್ನು ಇಷ್ಟು ಮಂದಿ ಮತ್ತೆ ಮತ್ತೆ ಕೊಂಡುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಅವರು ಕೊಂಡುದು ಹಳೆಯ ದಾಖಲೆಗಳನ್ನು ಬಿಡಲಾರದ ಗಿರಾಕಿಗಳ ವಾರ್ಷಿಕ ಶುಲ್ಕವನ್ನು.

ಮೇಲಿನ ವಿವೇಚನೆಯಿಂದ ನಾವು ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದು: ಪರವಾನಗಿಯ ಬೆಲೆಯನ್ನು ಗೊತ್ತುಮಾಡಿದುದು ಎಮ್ಯುಲೇಟರನ್ನು ತಯಾರಿಸಲು ತಗಲಿದ ವೆಚ್ಚಕ್ಕಿಂತ ಹೆಚ್ಚಾಗಿ, ಅದರಾಚೆ ಇರುವ ದಾಖಲೆಗಳು ಬಳಕೆದಾರನಿಗೆ ಎಷ್ಟು ಅನಿವಾರ್ಯ ಎಂಬ ಅಂಶ. ಎರಡನೆಯದು: ಎಣಿಕೆಯ ಮಾನವು ಟರ್ಮಿನಲ್ಲಿನಿಂದ ಯಂತ್ರಕ್ಕೆ, ಯಂತ್ರದಿಂದ ಮನುಷ್ಯನಿಗೆ, ಅಲ್ಲಿಂದ ಸಂಸ್ಕರಣಶಕ್ತಿಗೆ ಸರಿಯುತ್ತ ಹೋದರೂ ಅದನ್ನು ಸರಿಸುವ ಅಧಿಕಾರ ಮಾತ್ರ ಮಾರುವವನ ಕೈಯಲ್ಲಿಯೇ ನಿಂತಿತು. ಬಹಿರಂಗ ನಿಯಮಗಳಿಂದ ಹುಟ್ಟಿದ ಉಚಿತ ಸಾಫ್ಟ್‌ವೇರು ಬಳಕೆದಾರನಿಗೆ ನೆರವಾದುದು ನಿಜ. ಆದರೆ ಅದು ಕಿಟಕಿಯವರೆಗೆ ಮಾತ್ರ.

ದಾಖಲೆಗಳು ನಮ್ಮವು, ಅವುಗಳ ಬಳಿಗೆ ಹೋಗುವ ದಾರಿ ಇನ್ನೊಬ್ಬರದು ಎಂಬ ಈ ಪರಿಸ್ಥಿತಿ ಅಮೆರಿಕದ ವ್ಯಾಪಾರಿಗಳಿಗೆ ಮಾತ್ರ ಸೀಮಿತವಾದುದಲ್ಲ. ತನ್ನ ಲೆಕ್ಕವನ್ನು ಬೇರೆಯವರ ಯಂತ್ರಕ್ಕೆ ಒಪ್ಪಿಸುವ ಪ್ರತಿಯೊಂದು ಸಂಸ್ಥೆಯೂ, ಕಾಲೇಜೂ ಇದನ್ನು ಯೋಚಿಸಬೇಕಾಗುತ್ತದೆ. ಇತಿಹಾಸದ ವಿದ್ಯಾರ್ಥಿಗಳಿಗಂತೂ ಇಲ್ಲಿ ತುರ್ತಾದ ಕರ್ತವ್ಯವೊಂದಿದೆ. ತೆರಿಗೆಯ ನಿಯಮಗಳನ್ನು ಹಿಂದಿನವರು ಕಲ್ಲಿನಲ್ಲಿ ಬರೆಸಿದುದರಿಂದ ಇಂದು ನಾವು ಅವನ್ನು ಓದುತ್ತಿದ್ದೇವೆ. ಪರವಾನಗಿ ಪತ್ರಗಳಾದರೋ ಸಾಫ್ಟ್‌ವೇರನ್ನು ಬದಲಾಯಿಸಿದೊಡನೆಯೇ ಕಸದ ಬುಟ್ಟಿಗೆ ಬೀಳುತ್ತವೆ. ಹಳೆಯ ಕಚೇರಿಗಳಲ್ಲಿ ಉಳಿದಿರುವ ಇಂತಹ ಪತ್ರಗಳನ್ನೂ ಬೆಲೆಪಟ್ಟಿಗಳನ್ನೂ ಸಂಗ್ರಹಿಸಿ ರಕ್ಷಿಸುವ ಕೆಲಸವನ್ನು ವಿಶ್ವವಿದ್ಯಾನಿಲಯಗಳು ಈಗಲೇ ಕೈಗೊಳ್ಳದಿದ್ದರೆ, ನಮ್ಮ ಕಾಲದ ಆರ್ಥಿಕ ಜೀವನವನ್ನು ಬರೆಯಹೊರಡುವ ಮುಂದಿನವರಿಗೆ ಯಂತ್ರಗಳ ಹೆಸರುಗಳು ದೊರೆತಾವು. ಅವುಗಳಿಗೆ ಯಾರು, ಏತಕ್ಕೆ, ಎಷ್ಟು ತೆತ್ತರೆಂಬುದು ದೊರೆಯಲಾರದು.