ಹಳೆಯ ಲೆನ್ಸಿನ ಹಿಂಬದಿಯ ಚರಿತ್ರೆ

ಸ್ಯಾನ್ ಮಟಿಯೋ ಸುತ್ತಮುತ್ತಲಿನ ಗರಾಜ್ ಸೇಲ್‌ಗಳಲ್ಲಿ ಅಗ್ಗಕ್ಕೆ ದೊರೆಯುವ ಕ್ಯಾಮೆರಾ ಲೆನ್ಸಾಗಲಿ, ಊರಿನ ಮನೆಯ ಬೀರುವಿನಲ್ಲಿ ತಂದೆಯವರು ಬಟ್ಟೆ ಸುತ್ತಿ ಇಟ್ಟುಹೋದ ಲೆನ್ಸಾಗಲಿ, ನಾವು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದು ಯಾವ ಮೌಂಟಿನದು? ಲೆನ್ಸು ಕ್ಯಾಮೆರಾಕ್ಕೆ ಕೂಡುವ ಹಿಂಬದಿಯ ಲೋಹದ ಬಳೆಯೇ ಮೌಂಟ್. ಮುಂಬದಿಯ ಅಕ್ಷರಗಳು ತಯಾರಕರ ಹೆಸರನ್ನು ಹೇಳುತ್ತವೆ. ಕಾಲವನ್ನೂ ಸಂಬಂಧವನ್ನೂ ಹೇಳುವುದು ಹಿಂಬದಿ.

ಅಲ್ಲಿ ತಿರುಪು ಇದ್ದು, ವ್ಯಾಸ 42 ಮಿ.ಮೀ., ಸುತ್ತುಗಳ ನಡುವಣ ಅಂತರ 1 ಮಿ.ಮೀ. ಇದ್ದರೆ ಅದು ಎಂ42. ಯುದ್ಧದಲ್ಲಿ ನೆಲಸಮವಾಗಿದ್ದ ಡ್ರೆಸ್ಡೆನ್ ನಗರದಿಂದ 1949ರಲ್ಲಿ ಹೊರಬಂದ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾ ಇದನ್ನು ಬಳಕೆಗೆ ತಂದಿತು. 1957ರಲ್ಲಿ ಜಪಾನಿನ ಅಸಾಹಿ ಪೆಂಟ್ಯಾಕ್ಸ್ ಇದನ್ನೇ ಸ್ವೀಕರಿಸಿತು. ಸೋವಿಯತ್ ಒಕ್ಕೂಟದ ಜೆನಿತ್ ಕೂಡ ಅನುಸರಿಸಿತು. ಶೀತಲ ಸಮರದ ಎರಡು ಬಣಗಳ ಕ್ಯಾಮೆರಾಗಳನ್ನು ಒಂದೇ ತಿರುಪು ಬೆಸೆದಿತ್ತು. ರೂಪಾಯಿಯ ಲೆಕ್ಕದಲ್ಲಿ ಸೋವಿಯತ್ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಜೆನಿತ್ ಭಾರತಕ್ಕೂ ಬಂದಿತು. ಬೀರುವಿನ ಲೆನ್ಸಿನ ಮೇಲೆ ‘ಹೀಲಿಯೋಸ್’ ಎಂದಿದ್ದರೆ ಅದು ಆ ಮನೆತನದ್ದಿರಬಹುದು.

ತಿರುಪಿನ ಬದಲು ಮೂರು ಲೋಹದ ನಾಲಗೆಗಳಿದ್ದರೆ ಅದು ಬಯೊನೆಟ್. ನಿಕಾನ್ ತನ್ನ ಎಫ್ ಮೌಂಟನ್ನು 1959ರಲ್ಲಿ ಆರಂಭಿಸಿ ದಶಕಗಳ ಕಾಲ ಅದೇ ಆಕಾರವನ್ನು ಉಳಿಸಿಕೊಂಡಿತು. ಪೆಂಟ್ಯಾಕ್ಸ್ 1975ರಲ್ಲಿ ತಿರುಪನ್ನು ಬಿಟ್ಟು ಕೆ ಮೌಂಟಿಗೆ ಹೊರಳಿತು. ಕ್ಯಾನನ್ 1987ರಲ್ಲಿ ಇಎಫ್ ಮೌಂಟನ್ನು ತಂದಾಗ ಅದರ ಹಳೆಯ ಎಫ್‌ಡಿ ಲೆನ್ಸುಗಳು ಹೊಸ ಕ್ಯಾಮೆರಾಗಳಿಗೆ ಕೂಡದಾದವು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಟಿ ಮೌಂಟಿನ ವ್ಯಾಸವೂ 42 ಮಿ.ಮೀ.; ಸುತ್ತುಗಳ ಅಂತರ ಮಾತ್ರ 0.75 ಮಿ.ಮೀ. ಎಂ42 ಕ್ಯಾಮೆರಾದಲ್ಲಿ ಅದು ತುಸು ತಿರುಗಿ ಬಿಗಿದುಕೊಳ್ಳುತ್ತದೆ. ಆಗ ಬಲವಂತ ಮಾಡಿದರೆ ಎರಡರ ತಿರುಪೂ ಕೆಡುತ್ತದೆ. ರೋಗಿಯನ್ನು ಪರೀಕ್ಷಿಸುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ: ಮೊದಲು ನೋಡುವುದು, ಬಳಿಕ ಅಳೆಯುವುದು, ಕೊನೆಗೆ ಕೈಹಾಕುವುದು.

ಮೌಂಟಿನಿಂದ ಫಿಲ್ಮಿನವರೆಗಿನ ದೂರವೂ ಮುಖ್ಯ. ಎಂ42ಕ್ಕೆ ಅದು 45.46 ಮಿ.ಮೀ., ನಿಕಾನ್ ಎಫ್‌ಗೆ 46.5 ಮಿ.ಮೀ. ಈ ಒಂದು ಮಿಲಿಮೀಟರಿನ ವ್ಯತ್ಯಾಸದಿಂದಾಗಿ, ನಿಕಾನ್ ಎಫ್ ಕ್ಯಾಮೆರಾದಲ್ಲಿ ಎಂ42 ಲೆನ್ಸಿಗೆ ದೂರದ ಬೆಟ್ಟ ಸ್ಪಷ್ಟವಾಗಿ ಕಾಣದು. ಇಂದಿನ ಕನ್ನಡಿಯಿಲ್ಲದ ಸೋನಿ ಕ್ಯಾಮೆರಾಗಳಲ್ಲಿ ಈ ದೂರ ಕೇವಲ 18 ಮಿ.ಮೀ. ಉಳಿದ ಜಾಗದಲ್ಲಿ ಒಂದು ಅಡಾಪ್ಟರ್ ಬಳೆ ಕೂತರೆ ಸಾಕು, ತಂದೆಯವರು ನಮ್ಮ ಬಾಲ್ಯವನ್ನು ನೋಡಿದ ಗಾಜಿನ ಮೂಲಕವೇ ನಾವು ನಮ್ಮ ಮಕ್ಕಳನ್ನು ನೋಡಬಹುದು. ಆದುದರಿಂದ ಮನೆ ತೆರವು ಮಾಡುವಾಗ ಹಳೆಯ ಲೆನ್ಸನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಅದರ ಹಿಂಬದಿಯನ್ನು ಅಳೆದು ನೋಡೋಣ.